ಮಾತಿಗೆ ತಪ್ಪದ ಮಹನೀಯರು: ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್

ಮಾತು ಕೊಡುವುದು ಸುಲಭ. ಕೊಟ್ಟ ಮಾತನ್ನು ದಿನದಿನವೂ ನಡೆಸುವುದು ಕಠಿಣ. ಉತ್ಸಾಹದ ಸಮಯದಲ್ಲಿ ಹತ್ತು ಜನರೆದುರಿಗೆ ಮಾಡಿದ ವಾಗ್ದಾನವು, ಉತ್ಸಾಹವು ತಣಿದು ನೋಡುವವರು ತಮ್ಮ ತಮ್ಮ ಮನೆಗಳಿಗೆ ಹೋದ ಮೇಲೆ, ಭಾರವಾಗಿ ತೋರುವುದುಂಟು. ಆಣೆಯಿಟ್ಟು ಹೇಳುವ ಅವಶ್ಯಕತೆಯೇ ಬಾರದಷ್ಟು ಸರಳವಾಗಿ ಆಡಿದ ಮಾತಿನಲ್ಲಿ ನಿಲ್ಲಬೇಕೆಂಬುದು ನಮ್ಮ ಕರ್ತನಾದ ಯೇಸುವಿನ ಬೋಧನೆ. ತನಗೆ ನಷ್ಟವೊದಗಿದರೂ ನುಡಿಯನ್ನು ಬದಲಿಸದವನೇ ದೇವಸನ್ನಿಧಿಗೆ ಯೋಗ್ಯನೆಂಬ ಭಾವವು ಕೀರ್ತನೆಗಳಲ್ಲಿಯೂ ಕಂಡುಬರುತ್ತದೆ. ಈ ಉಪದೇಶವು ನಡತೆಯಲ್ಲಿ ಹೇಗೆ ಕಾಣುವುದೆಂಬುದಕ್ಕೆ ದೃಷ್ಟಾಂತವಾಗಿ, ಕನ್ನಡನಾಡಿನಲ್ಲಿಯೇ ಬಾಳಿ ದುಡಿದ ಒಬ್ಬರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ಅಪೇಕ್ಷಿಸುತ್ತೇವೆ. ಕಿಟ್ಟೆಲ್ ಎಂದರೆ ದಪ್ಪನಾದ ನಿಘಂಟೆಂದು ಎಲ್ಲರೂ ಬಲ್ಲರು. ಆ ನಿಘಂಟಿನ ಹಿಂದಿದ್ದ ಮನುಷ್ಯರನ್ನು ಬಲ್ಲವರು ಕಡಮೆ.

ಫರ್ಡಿನೆಂಡ್ ಕಿಟ್ಟೆಲ್‌ರವರು 1832ನೆಯ ಇಸವಿಯಲ್ಲಿ ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫ ಎಂಬ ಊರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಅದೇ ವರ್ಷ ಲಂಡನ್ ಮಿಷನಿನ ರೀವ್ ದೊರೆಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ರೀವ್‌ರವರು ನಮ್ಮ ನೆರೆಯ ಬಳ್ಳಾರಿಯಲ್ಲಿ ಸೇವೆ ಮಾಡಿದವರು. ಒಬ್ಬರ ಕೆಲಸವು ಮುಗಿಯುತ್ತಿರುವಾಗ ಅದನ್ನು ಮುಂದುವರಿಸತಕ್ಕವರು ಸಾವಿರಾರು ಮೈಲಿಗಳಾಚೆ ತೊಟ್ಟಿಲಲ್ಲಿದ್ದರು. ದೇವರ ಏರ್ಪಾಡುಗಳು ಮನುಷ್ಯರ ಎಣಿಕೆಗೆ ಮೀರಿದವು.

ಬಾಸೆಲ್ ಮಿಷನಿನಲ್ಲಿ ಶಿಕ್ಷಣವನ್ನು ಹೊಂದಿದ ಕಿಟ್ಟೆಲ್‌ರವರು 1853ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂದೇಶಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳು ಅವರ ಸೇವಾಕ್ಷೇತ್ರಗಳಾದವು. ಸುವಾರ್ತೆಯನ್ನು ಸಾರಲು ಬಂದವರು ಮೊದಲು ಕೇಳಿಸಿಕೊಳ್ಳಲು ಕಲಿಯಬೇಕೆಂದು ಅವರು ಎಣಿಸಿದರು. ಜನರ ಮಾತು, ಹಾಡು, ಗಾದೆ, ಹಳೆಯ ಕಾವ್ಯ ಇವುಗಳನ್ನು ಅರಿಯದೆ ಅವರ ಹೃದಯದ ಬಾಗಿಲನ್ನು ತಟ್ಟುವುದು ಹೇಗೆ? ಆದ್ದರಿಂದ ಅವರು ಪಂಡಿತರ ಬಳಿಯಲ್ಲಿ ಶಿಷ್ಯರಂತೆ ಕುಳಿತು ಹಳಗನ್ನಡವನ್ನು ವ್ಯಾಸಂಗಮಾಡಿದರು. ಕ್ರಿಸ್ತಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡಬೇಕೆಂದು ಕಥಾಮಾಲೆ ಎಂಬ ಗ್ರಂಥವನ್ನು ರಚಿಸಿ 1862ರಲ್ಲಿ ಪ್ರಕಟಿಸಿದರು. ಇಂಥ ನಡೆಯು ಎಲ್ಲರಿಗೂ ಹಿಡಿಸಲಿಲ್ಲ. ಮಿಷನಿನ ಹಿರಿಯರೊಡನೆ ಅವರಿಗೆ ಭಿನ್ನಾಭಿಪ್ರಾಯಗಳು ಬಂದವು. ತಮ್ಮವರ ನಡುವೆಯೇ ಒಂಟಿಯಾಗುವ ದುಃಖವೇನೆಂಬುದನ್ನು ಅವರು ಚೆನ್ನಾಗಿ ಅನುಭವಿಸಿದರು.

ಆ ಒಂಟಿತನದಲ್ಲಿ ದೇವರು ಅವರಿಗೆ ಸ್ನೇಹದ ಆಸರೆಯನ್ನು ಕೊಟ್ಟನು. 1843ರಲ್ಲಿ ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ವೃತ್ತಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್‌ರವರು ಕಿಟ್ಟೆಲ್‌ರವರಿಗಿಂತ ಇಪ್ಪತ್ತೊಂದು ವರ್ಷ ಹಿರಿಯರು. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಅಚ್ಚಿನಲ್ಲಿ ತಂದ ಅವರು, ಈ ಯುವಕರ ಮನಸ್ಸನ್ನು ಅರ್ಥಮಾಡಿಕೊಂಡರು. 1860ರಲ್ಲಿ ಮೋಗ್ಲಿಂಗ್‌ರವರು ಸ್ವದೇಶಕ್ಕೆ ಹಿಂದಿರುಗಿದರು. ಕಡಲು ನಡುವೆ ಬಂದರೂ ಸ್ನೇಹವು ಕಡಿಯಲಿಲ್ಲ. ಅಲ್ಲಿಂದಲೇ ಅವರು ಕಿಟ್ಟೆಲ್‌ರವರ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಎದುರಿಗಿರುವಾಗ ನಗುನಗುತ್ತಿದ್ದು ಮರೆಯಾದೊಡನೆ ಮರೆಯುವುದು ಸ್ನೇಹವಲ್ಲ. ಯೋನಾತಾನನು ದಾವೀದನ ಪಕ್ಷವನ್ನು ಹಿಡಿದದ್ದು ದಾವೀದನು ಇಲ್ಲದಿದ್ದ ಪಂಕ್ತಿಯಲ್ಲಿಯೇ ಎಂಬುದನ್ನು ನಮ್ಮ ಹುಡುಗಿಯರು ವೇದಪಾಠದಲ್ಲಿ ಓದಿದ್ದಾರೆ.

ಕಿಟ್ಟೆಲ್‌ರವರ ಗೃಹಜೀವನದಲ್ಲಿಯೂ ಕಷ್ಟವು ಬಂದಿತು. ಪತ್ನಿ ಪೌಲಿನಾರವರು ಎಳೆಯ ಮಕ್ಕಳನ್ನು ಬಿಟ್ಟು ಬೇಗನೆ ತೀರಿಕೊಂಡರು. ಮುಂದೆ ಆಕೆಯ ತಂಗಿಯಾದ ಜೂಲಿಯವರನ್ನು ಅವರು ವಿವಾಹವಾದರು. ಈ ಸುಖದುಃಖಗಳ ನಡುವೆಯೂ ವ್ಯಾಸಂಗವು ನಿಲ್ಲಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು.

ಬಾಸೆಲ್ ಮಿಷನು ಅವರಿಗೆ ವಹಿಸಿದ ದೊಡ್ಡ ಕಾರ್ಯವು ಕನ್ನಡ-ಇಂಗ್ಲಿಷ್ ನಿಘಂಟಿನದು. ನಿಘಂಟಿನ ಕೆಲಸವು ಬಾವಿ ತೋಡಿದಂತೆ. ನೀರು ಕಾಣುವವರೆಗೆ ನೋಡುವವರಿಗೆ ಮಣ್ಣಲ್ಲದೆ ಬೇರೇನೂ ಕಾಣದು. ಪ್ರತಿಯೊಂದು ಶಬ್ದವನ್ನೂ ಕಾವ್ಯದಲ್ಲಿ ಹುಡುಕಬೇಕು, ಬಳಕೆಯ ಮಾತಿನಲ್ಲಿ ಕೇಳಬೇಕು, ಅರ್ಥವನ್ನು ಬಲ್ಲವರೊಡನೆ ವಿಚಾರಿಸಬೇಕು, ಅಕಾರಾದಿಯಲ್ಲಿ ಜೋಡಿಸಬೇಕು. ಆ ಬಳಿಕ ಇನ್ನೊಂದು ಅರ್ಥವು ದೊರೆತರೆ ಬರೆದುದನ್ನು ತಿದ್ದಬೇಕು. 1877ರಲ್ಲಿ ಕಿಟ್ಟೆಲ್‌ರವರು ಜರ್ಮನಿಗೆ ಹೋದರು. ಅಲ್ಲಿಯೇ ವಿಶ್ರಾಂತಿಯನ್ನು ಪಡೆದಿದ್ದರೆ ಅವರನ್ನು ತಪ್ಪುಗಾರರೆನ್ನುವವರು ಯಾರೂ ಇರಲಿಲ್ಲ. ಆದರೆ ಕನ್ನಡದ ಜನರ ನಡುವೆ ಇರದೆ ಕನ್ನಡದ ನಿಘಂಟು ಪೂರ್ತಿಯಾಗಲಾರದೆಂದು ತಿಳಿದು, ಐವತ್ತು ದಾಟಿದ ವಯಸ್ಸಿನಲ್ಲಿ, ಮನೆಮಕ್ಕಳ ಸಾಮೀಪ್ಯದ ಸುಖವನ್ನು ತೊರೆದು, 1883ರಲ್ಲಿ ಮತ್ತೆ ಹಡಗನ್ನೇರಿ ಬಂದರು. ಒಂಬತ್ತು ವರ್ಷಗಳ ಕಾಲ ದುಡಿದು 1892ರಲ್ಲಿ ಹಿಂದಿರುಗಿದರು. 1894ರಲ್ಲಿ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು! ಬೆಂಬಲವಾಗಿದ್ದ ಮೋಗ್ಲಿಂಗ್‌ರವರು ಅದನ್ನು ನೋಡಲು ಉಳಿದಿರಲಿಲ್ಲ. ಅವರು 1881ರಲ್ಲಿಯೇ ಕರ್ತನಲ್ಲಿ ನಿದ್ರೆಹೋಗಿದ್ದರು.

ಈ ಗ್ರಂಥವನ್ನು ನಮ್ಮ ಹುಡುಗಿಯರು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಪಂಪನ ಕಾಲದ ಪದದ ಪಕ್ಕದಲ್ಲಿ ಒಕ್ಕಲಿಗನ ಮನೆಯ ಪದವು ಸಮಾನವಾದ ಗೌರವದಿಂದ ಕುಳಿತಿದೆ. ಹಳ್ಳಿಯ ಅಜ್ಜಿಯರ ಬಾಯಲ್ಲಿದ್ದ ಗಾದೆಗಳು ಅರ್ಥಕ್ಕೆ ಸಾಕ್ಷಿಯಾಗಿ ನಿಂತಿವೆ. ಕನ್ನಡದ ಪದಕ್ಕೆ ತೆಲುಗು, ತಮಿಳು, ಮಲೆಯಾಳ, ತುಳುಗಳಲ್ಲಿರುವ ಬಂಧುಪದಗಳನ್ನೂ ಅಲ್ಲಿ ತೋರಿಸಿದ್ದಾರೆ. ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರುಗಳ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡತಕ್ಕವರು. ಮನೆಯ ಮಾತನ್ನು ಹೊರಗೆ ಆಡಲು ನಾಚುವವರನ್ನೂ ನಾವು ಕಂಡಿದ್ದೇವೆ. ಅಂಥವರು ಆ ಪುಟಗಳನ್ನು ತೆರೆದರೆ, ತಮ್ಮ ಎರಡು ಮಾತುಗಳೂ ಒಂದೇ ಸಾಲಿನಲ್ಲಿ ಅಕ್ಕತಂಗಿಯರಂತೆ ನಿಂತಿರುವುದನ್ನು ಕಾಣುವರು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಕಿಟ್ಟೆಲ್‌ರವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಕನ್ನಡದ ಸವಿಸ್ತಾರವಾದ ವ್ಯಾಕರಣವನ್ನು ಬರೆದು 1903ರಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಮುಂದೆ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಬೆಂಗಳೂರಿನ ಮೇಯೋ ಹಾಲಿನ ಬಳಿಯಲ್ಲಿ ಅವರ ಪ್ರತಿಮೆಯಿದೆ.

ಈ ಜೀವನವನ್ನು ಕುರಿತು ಎರಡು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದು, ಒಬ್ಬರು ಮಾತನ್ನು ನಡೆಸಿದರೆ ಅದರ ಭಾರವನ್ನು ಹಲವರು ಹೊರುತ್ತಾರೆ. ತಂದೆಯನ್ನು ಅಗಲಿದ್ದ ಮಕ್ಕಳು, ಗಂಡನ ಶ್ರಮದಲ್ಲಿ ಪಾಲುಗೊಂಡ ಜೂಲಿಯವರು, ಅರ್ಥಕ್ಕೆ ಅರ್ಥವನ್ನು ಸೇರಿಸಿಕೊಟ್ಟ ಕನ್ನಡದ ಪಂಡಿತರು, ಇವರಾರ ಪ್ರತಿಮೆಗಳೂ ಬೀದಿಯಲ್ಲಿಲ್ಲ. ಆದುದರಿಂದ ವಾಗ್ದಾನಮಾಡುವ ಮುಂಚೆ, ಅದರ ಬೆಲೆಯನ್ನು ನಮ್ಮೊಡನೆ ಯಾರು ಯಾರು ತೆರುವರೆಂದು ಯೋಚಿಸುವುದು ಧರ್ಮ. ಕಾರ್ಯವು ಸಿದ್ಧಿಸಿದ ಮೇಲೆ ಅವರನ್ನು ನೆನೆಯುವುದೂ ಧರ್ಮವೇ.

ಎರಡನೆಯದು, ಒಂದು ಜನಕ್ಕೆ ಸೇರಿದವರಾಗುವುದು ಹುಟ್ಟಿನಿಂದಲೇ ಎಂದು ತಿಳಿಯಬಾರದು. ರೂತಳು ಮೋವಾಬಿನವಳು, ಅತ್ತೆಗೆ ಕೊಟ್ಟ ಮಾತನ್ನು ನಡೆಸಿ, ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾದು, ಆ ಊರಿನವಳೇ ಆದಳು. ನಾಯಕನಹಟ್ಟಿಯ ಜನರು ತಿಪ್ಪೇರುದ್ರಸ್ವಾಮಿಗಳನ್ನು ನೆನೆಯುವುದಾದರೂ ಹೇಗೆ? ಎಲ್ಲಿಂದಲೋ ಬಂದು ನೆಲಸಿ, ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಕೂಲಿಯನ್ನು ತಪ್ಪದೆ ಕೊಡಿಸಿದವರೆಂದು. ಮತವು ಬೇರೆಯಾದರೂ ಈ ಸ್ಮರಣೆಯಲ್ಲಿರುವ ಸತ್ಯವನ್ನು ನಾವು ಸಂತೋಷದಿಂದ ಒಪ್ಪಿಕೊಳ್ಳುತ್ತೇವೆ. ಕೊಟ್ಟ ಮಾತಿನಂತೆ ನಡೆದವರನ್ನು ಊರು ತನ್ನವರೆನ್ನುತ್ತದೆ. ಕಿಟ್ಟೆಲ್‌ರವರನ್ನು ಕನ್ನಡಿಗರು ತಮ್ಮವರೆಂದದ್ದೂ ಹೀಗೆಯೇ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಿಗೂ ಎಪ್ಪತ್ತು ಸಾವಿರ ಶಬ್ದಗಳ ಕೆಲಸವು ಬರಲಿಕ್ಕಿಲ್ಲ. ಆದರೆ ಶಾಲೆಯನ್ನು ಬಿಡುವ ದಿನ ಗೆಳತಿಗೆ ಕಾಗದ ಬರೆಯುವೆನೆನ್ನುವಿರಿ. ತಂಗಿಗೆ ಓದು ಕಲಿಸುವೆನೆಂದು ತಾಯಿಗೆ ಹೇಳುವಿರಿ. ನೆರೆಮನೆಯ ರೋಗಿಯನ್ನು ನಾಳೆ ನೋಡಲು ಬರುವೆನೆನ್ನುವಿರಿ. ಆ ನಾಳೆ ಬಂದಾಗ ಬಿಸಿಲು ಹೆಚ್ಚಾಗಿದ್ದರೂ ಎದ್ದು ಹೋಗಿರಿ. ಕಿಟ್ಟೆಲ್‌ರವರ ನಿಘಂಟೂ ಒಂದೊಂದು ದಿನಕ್ಕೆ ಒಂದೊಂದು ಶಬ್ದವಾಗಿಯೇ ಬೆಳೆಯಿತು. ಸ್ವಲ್ಪದರಲ್ಲಿ ನಂಬಿಗಸ್ತರಾಗಿರುವ ಬಲವನ್ನು ಕರ್ತನು ನಿಮಗೂ ನಮಗೂ ಅನುಗ್ರಹಿಸಲಿ.