ದಾರಕ್ಕೆ ಕೈಪಿಡಿ ಬರೆದ ತೆರೇಸ್ ದ ಡಿಲ್ಮಾಂಟ್

ಈ ಅಂಕಣದಲ್ಲಿ ಸರ್ ಎಂ.ವಿ., ರಾಮಾನುಜನ್, ಟೆಸ್ಲಾ ಎಲ್ಲರೂ ಬಂದು ಹೋಗಿದ್ದಾರೆ. ಈ ಸಲ ನಾವು ಆರಿಸಿಕೊಂಡಿರೋದು ಸೂಜಿ-ದಾರದ ಲೋಕದಲ್ಲಿ ದೊಡ್ಡ ಹೆಸರು. ಆದರೆ ನಮ್ಮ ಯಾವ ಬ್ರಾಂಚಿನವರೂ ಕೇಳಿರಲಿಕ್ಕಿಲ್ಲ. ಈ ಸೆಮಿಸ್ಟರ್‌ನಲ್ಲಿ ಕ್ಲಬ್ಬಿನ ಐದಾರು ಜನ ಕ್ರೋಷಾ ಕಲಿಯೋಕೆ ಕೂತಿದ್ದೇವೆ. ಬಟ್ಟೆಯ ಮೇಲೆ ಜೋಳದ ಅರಳಿನ ಹಾಗೆ ಉಬ್ಬಿ ನಿಲ್ಲುವ ಒಂದು ಹೆಣಿಗೆ ಇದೆ, ಅದರ ಹೆಸರೇ ಪಾಪ್‌ಕಾರ್ನ್. ಅದನ್ನು ಮೊದಲು ಚೆನ್ನಾಗಿ ಬರೆದಿಟ್ಟವರು ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದವರು ತೆರೇಸ್ ದ ಡಿಲ್ಮಾಂಟ್.

ಹುಟ್ಟಿದ್ದು 1846ರ ಅಕ್ಟೋಬರ್ 10ರಂದು, ಆಸ್ಟ್ರಿಯಾದ ವೀನರ್ ನೊಯ್‌ಸ್ಟಾಟ್ ಎಂಬ ಊರಿನಲ್ಲಿ. ತಂದೆ ಅಲ್ಲಿನ ಮಿಲಿಟರಿ ಅಕಾಡೆಮಿಯಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕರು. ಅಂದರೆ ಮನೆಯಲ್ಲಿ ನಕ್ಷೆ, ಅಳತೆ, ಸ್ಕೇಲು ಎಲ್ಲಾ ಇತ್ತು. ಮುಂದೆ ಇವರು ಬರೆದ ಪುಸ್ತಕದ ಚಿತ್ರಗಳನ್ನು ನೋಡಿದರೆ ಆ ಮನೆಯ ಗಾಳಿ ಸೋಕಿದೆ ಅನ್ನಿಸುತ್ತೆ. ಇದು ನಮ್ಮ ಊಹೆ ಅಷ್ಟೆ. ಮಗಳು ಚಿಕ್ಕವಳಿದ್ದಾಗಲೇ ತಂದೆ ತೀರಿಕೊಂಡರು. ಸಂಸಾರ ವಿಯೆನ್ನಾಗೆ ಬಂತು. ಮನೆಗೆ ಕಿರಿಯವರಾದ ತೆರೇಸ್, ಅಕ್ಕ ಫ್ರಾನ್ಸಿಸ್ಕಾ ಜೊತೆ ಸೇರಿ ವಿಯೆನ್ನಾದಲ್ಲಿ ಕಸೂತಿ ಕೆಲಸದ ಅಂಗಡಿ ನಡೆಸಿದರು.

ತಿರುವು ಸಿಕ್ಕಿದ್ದು 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ. ಅಲ್ಲಿ ಪರಿಚಯವಾದವರು ಜಾನ್ ಡೋಲ್ಫುಸ್, ಮುಲೂಸ್ ಪಟ್ಟಣದ ಡಿ.ಎಂ.ಸಿ. ಕಂಪನಿಯ ಯಜಮಾನರು. ಕಸೂತಿ ಹಾಕುವ ಅಮ್ಮ ಅಥವಾ ಅಕ್ಕ ಮನೆಯಲ್ಲಿದ್ದರೆ ಕೇಳಿ ನೋಡಿ, ಡಿ.ಎಂ.ಸಿ. ದಾರದ ಲಡಿ ಅವರಿಗೆ ಗೊತ್ತಿರುತ್ತೆ. 1746ರಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಾಗಿ ಶುರುವಾದ ಈ ಕಂಪನಿ, ಹತ್ತೊಂಬತ್ತನೇ ಶತಮಾನದಲ್ಲಿ ದಾರದ ಕಡೆ ತಿರುಗಿತ್ತು. ಯಂತ್ರಗಳು ಮೈಲಿಗಟ್ಟಲೆ ದಾರ ಉಗುಳುತ್ತಿದ್ದವು. ಕೊಳ್ಳುವವರು ಬೇಕಲ್ಲ? ದಾರದಲ್ಲಿ ಏನು ಮಾಡಬಹುದು ಅಂತ ಗೊತ್ತಿಲ್ಲದವರು ದಾರ ಕೊಳ್ಳೋದಿಲ್ಲ.

1884ರಲ್ಲಿ ತೆರೇಸ್ ವಿಯೆನ್ನಾ ಬಿಟ್ಟು ಮುಲೂಸ್ ಪಕ್ಕದ ಡೋರ್ನಾಖ್‌ಗೆ ಬಂದರು. ಆ ಪ್ರದೇಶ, ಅಲ್ಸಾಸ್, 1871ರ ಯುದ್ಧದಲ್ಲಿ ಫ್ರಾನ್ಸಿನ ಕೈತಪ್ಪಿ ಜರ್ಮನಿಗೆ ಸೇರಿತ್ತು. ಆಸ್ಟ್ರಿಯಾದ ಹೆಂಗಸು, ಫ್ರೆಂಚ್ ಹೆಸರಿನ ಕಂಪನಿ, ಜರ್ಮನ್ ಆಳ್ವಿಕೆ. ಅಲ್ಲಿ ಒಂದು ಕಸೂತಿ ಶಾಲೆ ತೆರೆದರು, ಕಂಪನಿಗಾಗಿ ಪುಸ್ತಕ ಬರೆಯಲು ಕೂತರು.

ಅದೇ 1886ರಲ್ಲಿ ಹೊರಬಂದ ಸೂಜಿಗೆಲಸದ ವಿಶ್ವಕೋಶ. ಸಾದಾ ಹೊಲಿಗೆ, ಹರಿದ ಬಟ್ಟೆ ರಫು ಮಾಡೋದು, ಕಸೂತಿ, ಕಡ್ಡಿ ಹೆಣಿಗೆ, ಕ್ರೋಷಾ, ಮ್ಯಾಕ್ರಮೆ, ಬಲೆ ಹೆಣಿಗೆ, ಲೇಸು, ಎಲ್ಲಾ ಅದರೊಳಗಿದೆ. 17 ಭಾಷೆಗಳಿಗೆ ಹೋಯಿತು. ಇಂಗ್ಲಿಷ್ ಆವೃತ್ತಿಯನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು.

ಈ ಪುಸ್ತಕ ನಮಗ್ಯಾಕೆ ಇಷ್ಟವಾಯಿತು ಅಂದರೆ, ಇದು ಪಕ್ಕಾ ಇಂಜಿನಿಯರಿಂಗ್ ಕೈಪಿಡಿ. ಹಳಬರು ಬರೆದದ್ದನ್ನು ನಕಲು ಹೊಡೆದು ತುಂಬಿಸಿದ ಪುಸ್ತಕ ಅಲ್ಲ. ಒಳಗಿರುವ ಮಾದರಿಗಳನ್ನು ಪುಸ್ತಕಕ್ಕಾಗಿಯೇ ಹೊಸದಾಗಿ ಹೆಣೆದು, ಹೊಲಿದು, ಆಮೇಲೆ ವಿವರಣೆ ಬರೆದಿದ್ದಾರೆ. ಲ್ಯಾಬ್ ರೆಕಾರ್ಡನ್ನು ಸೀನಿಯರ್‌ಗಳಿಂದ ಇಸ್ಕೊಂಡು ಬರೆಯುವ ಪರಂಪರೆಯವರು ಇದನ್ನು ಗಮನಿಸಬೇಕು. ಅನೇಕ ಚಿತ್ರಗಳ ಕೆಳಗೆ ಯಾವ ದಾರ, ಎಷ್ಟನೇ ನಂಬರು ಅಂತ ಇದೆ. ದಾರ ಎಲ್ಲಾ ಡಿ.ಎಂ.ಸಿ.ಯದೇ, ಬೇರೆ ಹೇಳಬೇಕಾಗಿಲ್ಲ. ಚಿಪ್ ಕಂಪನಿಗಳು ಡೇಟಾಶೀಟ್ ಜೊತೆ ಅಪ್ಲಿಕೇಶನ್ ನೋಟ್ ಕೊಡ್ತಾರಲ್ಲ, ಹಾಗೆ. ಜಾಹೀರಾತೂ ಹೌದು, ಪಾಠವೂ ಹೌದು. ಎರಡರಲ್ಲಿ ಪಾಠದ ತೂಕವೇ ಹೆಚ್ಚು ಅನ್ನೋದು ನಮ್ಮ ಅಭಿಪ್ರಾಯ. ಕೂರುವ ಭಂಗಿಯನ್ನೂ ಬಿಟ್ಟಿಲ್ಲ. ಹೊಲಿಯುವ ಬಟ್ಟೆಯನ್ನು ಮಂಡಿಗೆ ಸಿಕ್ಕಿಸಿಕೊಂಡು ಬಗ್ಗಿ ಕೂರಬಾರದು, ಅದು ಎದೆಗೆ ಒಳ್ಳೆಯದಲ್ಲ ಅಂತ ಮೊದಲ ಅಧ್ಯಾಯದಲ್ಲೇ ಎಚ್ಚರಿಸುತ್ತಾರೆ.

ಈಗ ಆ ಉಬ್ಬಿನ ವಿಷಯ. ಕ್ರೋಷಾ ಅಧ್ಯಾಯದಲ್ಲಿ ಪಾಪ್‌ಕಾರ್ನ್ ಅನ್ನೋ ಹೆಸರಿಲ್ಲ, ಟೊಳ್ಳು ಚುಕ್ಕೆ ಅನ್ನೋ ಅರ್ಥದ ಹೆಸರಿದೆ. ಕೆಲಸ ಹೆಚ್ಚುಕಡಿಮೆ ಅದೇ. ಸರಪಳಿ ಹಾಕೋದು, ಕಂಬ ಹಾಕೋದು ಬಂದವರು ಯಾರು ಬೇಕಾದರೂ ಮಾಡಬಹುದು. ಒಂದೇ ಕಣ್ಣಿಗೆ ಐದು ಕಂಬ ಹಾಕಿ. ಕಡ್ಡಿಯನ್ನು ಕುಣಿಕೆಯಿಂದ ಪೂರ್ತಿ ಹೊರತೆಗೆಯಿರಿ, ಕುಣಿಕೆ ಬಿಚ್ಚಿಹೋಗದ ಹಾಗೆ ಸ್ವಲ್ಪ ದೊಡ್ಡದು ಮಾಡಿಕೊಳ್ಳಿ. ಮೊದಲನೇ ಕಂಬದ ತಲೆಯೊಳಗೆ ಮುಂದಿನಿಂದ ಕಡ್ಡಿ ತೂರಿಸಿ, ಬಿಟ್ಟಿದ್ದ ಕುಣಿಕೆಯನ್ನು ಹಿಡಿದು ಈಚೆಗೆ ಎಳೆಯಿರಿ. ಮೇಲೊಂದು ಸರಪಳಿ ಹಾಕಿ ಬಿಗಿ ಮಾಡಿ. ಐದೂ ಕಂಬ ಮಡಚಿ ಮುಂದಕ್ಕೆ ಪುಟಿಯುತ್ತೆ. ಬಟ್ಟೆಯ ಹಿಂಬದಿ ನಮ್ಮ ಕಡೆ ಇರುವ ಸಾಲಾದರೆ ಕಡ್ಡಿಯನ್ನು ಹಿಂದಿನಿಂದ ತೂರಿಸಬೇಕು, ಆಗ ಉಬ್ಬು ಆಚೆ ಕಡೆಗೆ, ಅಂದರೆ ಮುಂಬದಿಗೆ ಹೋಗುತ್ತೆ.

ಯಾಕೆ ಉಬ್ಬುತ್ತೆ? ಒಂದು ಕಂಬದ ಜಾಗದಲ್ಲಿ ಐದು ನಿಂತಿವೆ, ತಳ ಒಂದೇ, ತಲೆಯನ್ನೂ ಒಂದಕ್ಕೆ ಕಟ್ಟಿದ್ದೇವೆ. ಅಗಲಕ್ಕೆ ಹರಡೋಕೆ ಜಾಗವಿಲ್ಲದ ಮೇಲೆ ಸಮತಲ ಬಿಟ್ಟು ಏಳಲೇಬೇಕು. ಬಕ್ಲಿಂಗ್ ಓದಿದವರಿಗೆ ಇಷ್ಟು ಸಾಕು. ಕಲಿಯುವವರು ಸಾಮಾನ್ಯವಾಗಿ ಇದನ್ನು ಬಾಬಲ್ ಹೆಣಿಗೆ ಜೊತೆ ಕಲಸಿಬಿಡುತ್ತಾರೆ. ಅದರಲ್ಲಿ ಐದು ಕಂಬವನ್ನೂ ಅರ್ಧಕ್ಕೇ ನಿಲ್ಲಿಸಿ, ಕೊನೆಗೆ ಎಲ್ಲಾ ಕುಣಿಕೆಯಿಂದ ಒಟ್ಟಿಗೆ ದಾರ ಎಳೀತಾರೆ. ಕಡ್ಡಿ ಹೊರತೆಗೆಯೋ ಕೆಲಸವಿಲ್ಲ, ಉಬ್ಬು ಕೂಡ ಮೆತ್ತಗೆ. ಇನ್ನೊಂದು ತೊಡಕು ಅಂದರೆ ಅಮೆರಿಕದವರು ಡಬಲ್ ಅನ್ನೋ ಕಂಬವನ್ನೇ ಬ್ರಿಟಿಷರು ಟ್ರೆಬಲ್ ಅಂತಾರೆ. ಡಿಲ್ಮಾಂಟ್ ಅವರ ಇಂಗ್ಲಿಷ್ ಆವೃತ್ತಿಯಲ್ಲಿರೋದು ಬ್ರಿಟಿಷ್ ರೀತಿಯ ಟ್ರೆಬಲ್. ಯೂನಿಟ್ ನೋಡದೆ ಲೆಕ್ಕ ಶುರುಮಾಡಬೇಡಿ.

ಕಂಬ, ಸರಪಳಿ ಅಂತ ಬರೆಯುತ್ತಿದ್ದೇವಲ್ಲ, ಆ ಪದಗಳು ನಮಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ನಮ್ಮ ಕ್ಲಬ್ಬಿನ ಗೆಳತಿಯೊಬ್ಬಳ ಅಜ್ಜಿ ಇದ್ದಾರೆ. ಮನೆಯ ಬಾಗಿಲ ತೋರಣ, ದೇವರ ಮಂಟಪದ ಪರದೆ, ಹಳೇ ರೇಡಿಯೋದ ಮುಸುಕು ಎಲ್ಲಾ ಅವರ ಕೈಯದೇ. ಓದು ಬರಹ ಕಡಿಮೆ. ಅವರಿಗೆ ಹೇಳಿಕೊಟ್ಟವರೂ ಬಾಯಲ್ಲೇ ಹೇಳಿಕೊಟ್ಟವರು. ನಾವು ಹೋದ ದಿನ ಪಾಪ್‌ಕಾರ್ನ್‌ನ ವಿಡಿಯೋ ತೋರಿಸಿದರೆ ಒಂದು ಸಲ ನೋಡಿ, ಫೋನ್ ಪಕ್ಕಕ್ಕಿಟ್ಟು, ಅದೇ ಉಬ್ಬನ್ನು ಹಾಕಿಬಿಟ್ಟರು. ಅವರ ಬಾಯಲ್ಲಿ ಅದು ಮೊಗ್ಗು. ಡಿಲ್ಮಾಂಟ್ ಅವರದ್ದಕ್ಕಿಂತ, ಪಾಪ್‌ಕಾರ್ನ್‌ಗಿಂತ, ಈ ಹೆಸರೇ ಚೆನ್ನಾಗಿದೆ ಅಂತ ನಾವೆಲ್ಲ ಒಪ್ಪಿದೆವು. ಕಾರ್ಖಾನೆಗಳಲ್ಲಿ ಕ್ರೋಷಾ ಹೆಣೆಯುವ ಯಂತ್ರ ಇಂದಿಗೂ ಬಳಕೆಯಲ್ಲಿಲ್ಲ, ಸ್ವೆಟರ್ ಹೆಣೆಯುವ ಯಂತ್ರಗಳ ಕಥೆ ಬೇರೆ. ಮಾಲ್‌ನಲ್ಲಿ ನೇತುಹಾಕಿದ ಕ್ರೋಷಾ ಟಾಪ್ ನೋಡಿದರೆ, ಎಲ್ಲೋ ಒಬ್ಬರು ಕೂತು ಕೈಯಲ್ಲಿ ಹಾಕಿದ್ದಾರೆ ಅಂತಲೇ ಅರ್ಥ. ಅದರ ಬೆಲೆ ನೋಡಿದಾಗ ಆ ಕೈಗೆ ಎಷ್ಟು ಸಿಕ್ಕಿತು ಅನ್ನೋ ಪ್ರಶ್ನೆ ಬರುತ್ತೆ.

ಕನ್ನಡದವರಾಗಿ ಇನ್ನೊಂದು ಮಾತು ಹೇಳದೆ ಇರೋಕಾಗಲ್ಲ. ಮುಲೂಸ್‌ಗೂ ಬಾಸೆಲ್‌ಗೂ ಸುಮಾರು 30 ಕಿಲೋಮೀಟರ್, ಕುಣಿಗಲ್‌ನಿಂದ ತುಮಕೂರಿಗೆ ಹೋದ ಹಾಗೆ. ಆ ಬಾಸೆಲ್‌ನಿಂದಲೇ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು, ನೇಯ್ಗೆ ಕಾರ್ಖಾನೆ ಹಾಕಿದ್ದು. ಅದೇ ಮಿಷನ್‌ನ ಕಿಟ್ಟೆಲ್ ನಮ್ಮ ಜನರ ಬಾಯಲ್ಲಿದ್ದ ಪದಗಳನ್ನು ವರ್ಷಗಟ್ಟಲೆ ಕೂಡಿಸಿ 1894ರಲ್ಲಿ ನಿಘಂಟು ತಂದರು. ತೆರೇಸ್ ಅಲ್ಲಿ ಕೈಯಲ್ಲಿದ್ದದ್ದನ್ನು ಕಾಗದಕ್ಕೆ ಇಳಿಸುತ್ತಿದ್ದ ಕಾಲದಲ್ಲೇ ಕಿಟ್ಟೆಲ್ ಬಾಯಲ್ಲಿದ್ದದ್ದನ್ನು ಇಳಿಸುತ್ತಿದ್ದರು. ಇಬ್ಬರಿಗೂ ಪರಿಚಯವಿತ್ತು ಅಂತ ನಾವೇನೂ ಹೇಳುತ್ತಿಲ್ಲ!

ಪುಸ್ತಕ ಬಂದ ಮೇಲೆ ತೆರೇಸ್‌ಗೆ ಉಳಿದಿದ್ದು ನಾಲ್ಕೇ ವರ್ಷ. ಅಷ್ಟರಲ್ಲಿ ಯೂರೋಪಿನ ರಾಜಧಾನಿಗಳಲ್ಲಿ ಅವರ ಹೆಸರಿನ ಅಂಗಡಿಗಳು ಎದ್ದವು. 1887ರಲ್ಲಿ ಜಾನ್ ಡೋಲ್ಫುಸ್ ತೀರಿಕೊಂಡರು. 1889ರಲ್ಲಿ ತೆರೇಸ್ ವಿಯೆನ್ನಾದ ವ್ಯಾಪಾರಿಯೊಬ್ಬರನ್ನು ಮದುವೆಯಾದರು, ಮರುವರ್ಷ ಮೇ 22ರಂದು ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ತೀರಿಕೊಂಡರು. ವಯಸ್ಸು 43. ಅವರ ಅಣ್ಣನ ಮಗಳೋ ಅಕ್ಕನ ಮಗಳೋ ಅಂತ ಗೊಂದಲವಾಗಬಾರದು ಅಂತ ಸುಮ್ಮನೆ ಸೋದರ ಸಂಬಂಧ ಅನ್ನೋಣ, ಅದೇ ಹೆಸರಿನ ಇನ್ನೊಬ್ಬ ತೆರೇಸ್ ಕೆಲಸ ಮುಂದುವರಿಸಿದರು. ಕಂಪನಿಯೂ ಹೆಸರು ಬಿಡಲಿಲ್ಲ. ಇವರು ಸತ್ತು ಎಷ್ಟೋ ವರ್ಷದ ಮೇಲೆ ಬಂದ ಮಾದರಿ ಪುಸ್ತಕಗಳ ಮೇಲೂ ಡಿಲ್ಮಾಂಟ್ ಅಂತಲೇ ಅಚ್ಚಾಯಿತು. ಒಬ್ಬ ಮನುಷ್ಯರ ಹೆಸರು ಮಾರ್ಕು ಆಗಿ ಹೋದದ್ದು ಅವರಿಗೆ ಗೌರವವೋ ಅನ್ಯಾಯವೋ ಅಂತ ನಮ್ಮಲ್ಲಿ ಚರ್ಚೆಯಾಯಿತು, ಎರಡು ಪಕ್ಷವಾಗಿಯೇ ಎದ್ದೆವು.

ಕೊತ್ತಗೆರೆಯ ಅಜ್ಜಿಯ ಮೊಗ್ಗನ್ನು ಮಾತ್ರ ಯಾರೂ ಅಚ್ಚು ಹಾಕಿಲ್ಲ. ಅವರ ಎಡಗಣ್ಣಿಗೆ ಪೊರೆ ಬಂದಿದೆ. ತೋರಣದ ಅಂಚಿನ ಒಂದು ಮಾದರಿ ಅವರೊಬ್ಬರಿಗೇ ಬರುವುದು, ಮನೆಯಲ್ಲಿ ಬೇರೆ ಯಾರೂ ಕಲಿತಿಲ್ಲ. ಹಾಗಾಗಿ ನಾವು ಭಾನುವಾರಗಳಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದೇವೆ. ಒಬ್ಬರು ಹೆಣೆಯೋದು, ಒಬ್ಬರು ಸಾಲು ಸಾಲಾಗಿ ಕನ್ನಡದಲ್ಲಿ ಬರೆಯೋದು, ಒಬ್ಬರು ಬರೆದದ್ದನ್ನಷ್ಟೇ ಓದಿಕೊಂಡು ಮತ್ತೆ ಹೆಣೆದು ಸರಿ ಬರುತ್ತಾ ಅಂತ ನೋಡೋದು. ಮೂರು ಸಾಲು ಮುಗಿದಿವೆ, ಅಂಚಿನ ತಿರುವು ಇನ್ನೂ ಬಾಕಿ. ಬರೋರು ಗುರುವಾರದೊಳಗೆ ಹೆಸರು ಕೊಡಿ. 20ನೇ ನಂಬರಿನ ಹತ್ತಿ ದಾರ, ಅದಕ್ಕೆ ಹೊಂದುವ ಕಡ್ಡಿ ನೀವೇ ತರಬೇಕು.