ಸರ್ ಎಂ. ವಿಶ್ವೇಶ್ವರಯ್ಯನವರು ನೌಕರಿ ಮಾಡಿದ ರೀತಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡು ಎಂದು ಗುರುಗಳು ಹೇಳಿದಾಗ, ಮುಂದೆ ಕೆಲಸಕ್ಕೆ ಸೇರುವ ನಮ್ಮ ಶಾಲೆಯ ಮಕ್ಕಳಿಗೆ ಉಪಯೋಗವಾಗುವ ವಿಷಯವನ್ನೇ ಬರೆಯಬೇಕೆನಿಸಿತು. ಕೆಲಸ ಗಿಟ್ಟಿಸುವುದು ಹೇಗೆಂದು ಹೇಳಿಕೊಡುವವರು ಈಗ ಬಹಳ ಮಂದಿ ಇದ್ದಾರೆ. ಸಿಕ್ಕ ಕೆಲಸದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳುವವರು ಕಡಿಮೆ. ಅದಕ್ಕಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಆರಿಸಿಕೊಂಡಿದ್ದೇನೆ. ಅವರು ಕಟ್ಟಿದ ಅಣೆಕಟ್ಟು ಎಲ್ಲರಿಗೂ ಗೊತ್ತು. ಅವರು ನೌಕರಿ ಮಾಡಿದ ರೀತಿಯ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಹುಡುಗನಾಗಿದ್ದಾಗಲೇ ಅವರು ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಬೊಂಬಾಯಿ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಪುಣೆಯ ಬಳಿ ಖಡಕ್‌ವಾಸ್ಲಾ ಎಂಬ ಜಲಾಶಯವಿದೆ. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ನಿಲ್ಲಿಸುವ ಸ್ವಯಂಚಾಲಿತ ಬಾಗಿಲುಗಳನ್ನು ವಿನ್ಯಾಸ ಮಾಡಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೂ ಅವು ತಡೆದು ನಿಲ್ಲಿಸುತ್ತವೆ. ಮಟ್ಟ ಮೀರಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ, ನೀರು ಇಳಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಇವನ್ನು ಅಲ್ಲಿ ಅಳವಡಿಸಲಾಯಿತು. ಅದೇ ವ್ಯವಸ್ಥೆ ಮುಂದೆ ಕನ್ನಂಬಾಡಿಗೂ ಬಂತು.

ಈ ಬಾಗಿಲುಗಳ ಪೇಟೆಂಟ್ ವಿಶ್ವೇಶ್ವರಯ್ಯನವರ ಹೆಸರಿನಲ್ಲೇ ಇತ್ತು. ಆದರೂ ಖಡಕ್‌ವಾಸ್ಲಾದ ಬಾಗಿಲುಗಳಿಗೆ ಅವರು ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಆ ಕೆಲಸದ ಉಸ್ತುವಾರಿಯ ಎಂಜಿನಿಯರ್ ತಾವೇ ಆಗಿದ್ದುದರಿಂದ, ಸಂಬಳ ಪಡೆದು ಮಾಡಿದ ಕೆಲಸಕ್ಕೆ ಮತ್ತೊಂದು ಹಣ ಬೇಡ ಎಂಬುದು ಅವರ ನಿಲುವು. ಸರ್ಕಾರದ ದೀಪ ಆರಿಸಿ ಸ್ವಂತ ದೀಪ ಹಚ್ಚಿಕೊಂಡ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಬಾಯಿಂದ ಬಾಯಿಗೆ ಬಂದದ್ದು. ನನಗೆ ರಾಯಲ್ಟಿಯ ಪ್ರಸಂಗವೇ ದೊಡ್ಡದಾಗಿ ಕಾಣುತ್ತದೆ. ದೀಪದ ಎಣ್ಣೆಯಲ್ಲಿ ಉಳಿಯುವುದು ಕಾಸಿನ ಲೆಕ್ಕ. ಇಲ್ಲಿ ಬಿಟ್ಟುಕೊಟ್ಟದ್ದು ಕಾನೂನೇ ಒಪ್ಪುವ ಗಳಿಕೆ.

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸೇರುವ ದಿನವೇ ಒಂದು ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೆಲಸದ ಅವಧಿಯಲ್ಲಿ ಬರೆದ ಪ್ರೋಗ್ರಾಂ ಕಂಪನಿಯದು ಎಂದು ಅದರಲ್ಲಿರುತ್ತದೆ. ಹಾಗಿದ್ದರೂ ಕೆಲಸ ಬಿಡುವಾಗ ಪೆನ್‌ಡ್ರೈವ್‌ನಲ್ಲಿ ಅದನ್ನು ತುಂಬಿಕೊಂಡು ಹೋಗುವವರಿದ್ದಾರೆ. ಪಂಚಾಯಿತಿಯಲ್ಲಿ ಸದಸ್ಯನಾಗಿದ್ದುಕೊಂಡು ಭಾವಮೈದುನನ ಹೆಸರಿನಲ್ಲಿ ಚರಂಡಿ ಕಾಮಗಾರಿ ಹಿಡಿಯುವುದೂ ಇದೇ ಜಾತಿಯ ಕೆಲಸ. ಕೂತ ಜಾಗ ಒಂದು, ಕೈ ಚಾಚುವುದು ಎರಡು ಕಡೆ.

1909ರಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹ ತಡೆಯುವ ಯೋಜನೆ ರೂಪಿಸಿದ ವಿಶ್ವೇಶ್ವರಯ್ಯನವರು ಅದೇ ವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಲ್ಲಿ ದಿವಾನರಾದರು. ಪದವಿ ಒಪ್ಪಿಕೊಳ್ಳುವ ಮೊದಲು ನೆಂಟರನ್ನೆಲ್ಲ ಕರೆದು, ಯಾರೂ ಶಿಫಾರಸಿಗೆ ಬರಕೂಡದೆಂದು ಮಾತು ತೆಗೆದುಕೊಂಡರೆಂದು ಹೇಳುತ್ತಾರೆ. ಅವರ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು.

1918ರ ವಿಷಯವನ್ನು ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಆಗ ಬ್ರಾಹ್ಮಣರೇ ಹೆಚ್ಚಾಗಿದ್ದರು. ಉಳಿದ ಸಮುದಾಯಗಳು ತಮಗೂ ಪಾಲು ಬೇಕೆಂದು ಕೇಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಇದನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು, ಶಿಕ್ಷಣ ಎಲ್ಲರಿಗೂ ಹರಡಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ದಿವಾನರ ವಾದ. ಮಹಾರಾಜರು ಒಪ್ಪಲಿಲ್ಲ. ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಟ್ಟು ಹೊರಬಂದರು.

ಈ ವಿಷಯದಲ್ಲಿ ನಾನು ಮಹಾರಾಜರ ಕಡೆಯವನು. ನನ್ನ ತಂದೆತಾಯಿ ಶಾಲೆಯ ಮುಖ ಕಂಡವರಲ್ಲ. ಮೀಸಲಾತಿ ಇಲ್ಲದಿದ್ದರೆ ನನಗೆ ಬಿ.ಇ. ಸೀಟು ಸಿಗುತ್ತಿರಲಿಲ್ಲ. ಈ ಶಾಲೆಯಿಂದ ಹೊರಟ ನನ್ನಂಥ ಅನೇಕರ ಮಾತೂ ಇದೇ. ಶಿಕ್ಷಣ ತಾನಾಗಿ ಹರಡಲಿ ಎಂದು ಕಾಯುತ್ತ ಕೂತಿದ್ದರೆ ನಮ್ಮ ಸರದಿ ಯಾವಾಗ ಬರುತ್ತಿತ್ತೋ!

ಆದರೂ ಅವರು ನಡೆದುಕೊಂಡ ರೀತಿಯನ್ನು ನಾನು ಗೌರವಿಸುತ್ತೇನೆ. ಮನಸ್ಸು ಒಪ್ಪದ ನೀತಿಯನ್ನು ಜಾರಿ ಮಾಡುವ ಕುರ್ಚಿಗೆ ಅವರು ಅಂಟಿಕೊಳ್ಳಲಿಲ್ಲ. ಹುದ್ದೆಯನ್ನೂ ಸಂಬಳವನ್ನೂ ಉಳಿಸಿಕೊಂಡು ಕೆಲಸವನ್ನು ಮಾತ್ರ ಕೆಡಿಸುವವರನ್ನು ನಾವು ಎಲ್ಲ ಕಚೇರಿಗಳಲ್ಲೂ ನೋಡುತ್ತೇವೆ. ಒಪ್ಪಿಗೆಯಿಲ್ಲದಿದ್ದರೆ ಎದುರಿಗೇ ಹೇಳಬೇಕು, ಆಮೇಲೆ ಒಂದೋ ಮನಸ್ಸಿಟ್ಟು ಮಾಡಬೇಕು, ಇಲ್ಲವೇ ಬಿಡಬೇಕು.

ಬಿಟ್ಟು ಬಂದ ಮೇಲೆ ಹಗೆ ಸಾಧಿಸಲೂ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಲ್ಲಿ ಅದರ ಹೊಣೆ ಹೊತ್ತು, 1929ರವರೆಗೆ ದುಡಿದು ದಾರಿಗೆ ತಂದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಅದಕ್ಕೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರರ ಹೆಸರು ಇಡಿಸಿದರು. ಅದೇ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. ನಮ್ಮ ಹಳೆಯ ವಿದ್ಯಾರ್ಥಿಗಳೇ ಇದನ್ನು ಸ್ವಲ್ಪ ಗಮನಿಸಬೇಕು. ಕೊಡಿಸಿದ ಬೀರುವಿನ ಮೇಲೂ ಹೆಸರು ಬರೆಸುವ ಕಾಲ ಇದು.

1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿಯಿದೆ.

ಮಕ್ಕಳೇ, ನೀವು ಎಂಜಿನಿಯರ್ ಆಗಿ, ಕಂಡಕ್ಟರ್ ಆಗಿ, ನರ್ಸ್ ಆಗಿ, ಯಾವ ಕೆಲಸಕ್ಕಾದರೂ ಹೋಗಿ. ಒಂದೇ ಕೆಲಸಕ್ಕೆ ಎರಡು ಕೂಲಿ ಕೇಳಬೇಡಿ. ನೆಂಟಸ್ತನವನ್ನು ಕಚೇರಿಯ ಹೊಸಿಲಿನಾಚೆ ಬಿಡಿ. ಒಪ್ಪದಿದ್ದರೆ ಬಾಯಿಬಿಟ್ಟು ಹೇಳಿ. ನಮಗೆ ಕೂರಲು ಜಾಗ ಸಿಕ್ಕಿದ್ದು ಮಹಾರಾಜರು ತೆರೆದ ದಾರಿಯಿಂದ. ಆ ಜಾಗದಲ್ಲಿ ಕೂತು ಹೇಗೆ ದುಡಿಯಬೇಕೆಂಬುದನ್ನು, ಆ ದಾರಿಯನ್ನು ಒಪ್ಪದ ದಿವಾನರಿಂದಲೇ ಕಲಿಯೋಣ.