ಫಲ ಕಾಣದ ಬಿತ್ತನೆ: ಕಿಟೆಲ್ ಬದುಕಿನ ಭರವಸೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲಿನಲ್ಲಿ ಭರವಸೆಯೆಂಬುದು ಎಂದೂ ಸುಲಭದ ಮಾತಾಗಿರಲಿಲ್ಲ. ಮಳೆ ಬಂದೀತೆಂಬ ಖಾತರಿಯಿಲ್ಲದೆಯೇ ನೆಲ ಹದಮಾಡಿ ಬಿತ್ತುವುದು ಅಲ್ಲಿನ ರೈತರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಬದುಕು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಆ ಬದುಕನ್ನೇ ಬುಡಮೇಲು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕನ್ನಡ ನಾಡು ಹೀಗೆ ತತ್ತರಿಸುತ್ತಿದ್ದ 1877ರಲ್ಲಿ, ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದಿದ್ದ ಜರ್ಮನ್ ಪಾದ್ರಿಯೊಬ್ಬರು ತಮ್ಮ ದೇಶಕ್ಕೆ ಹಿಂದಿರುಗಿದರು. ಅವರು ಕೈಗೊಂಡಿದ್ದ ಬಹುದೊಡ್ಡ ಕೆಲಸವೊಂದು ಇನ್ನೂ ಮುಗಿದಿರಲಿಲ್ಲ. ಅವರೇ ಫರ್ಡಿನೆಂಡ್ ಕಿಟೆಲ್.

ಕಿಟೆಲ್ ಎಂದೊಡನೆ ನಮಗೆ ನೆನಪಾಗುವುದು ನಿಘಂಟು. ಅದರ ಹಿಂದಿದ್ದ ಮನುಷ್ಯನ ಸಂಕಟಗಳು, ಆ ಸಂಕಟಗಳ ನಡುವೆ ಅವರನ್ನು ನಿಲ್ಲಿಸಿದ ನಂಬಿಕೆ ಇವುಗಳ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ.

ಉತ್ತರ ಜರ್ಮನಿಯ ಕಡಲಂಚಿನ ಪ್ರದೇಶದಲ್ಲಿ, ಪಾದ್ರಿಯೊಬ್ಬರ ಮಗನಾಗಿ 1832ರಲ್ಲಿ ಅವರು ಜನಿಸಿದರು. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು ಇಪ್ಪತ್ತೊಂದು. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು. ಸುವಾರ್ತೆಯನ್ನು ಸಾರಲು ಬಂದವರು ಮೊದಲು ಜನರ ಮಾತನ್ನು ಆಲಿಸಬೇಕೆಂದು ಅವರು ಬಗೆದರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದರು. ಪಾಶ್ಚಾತ್ಯ ರಾಗಗಳಿಗೆ ಕನ್ನಡದ ಪದಗಳನ್ನು ಹೊಂದಿಸುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ.

ಆದರೆ ಮಿಷನ್ನಿನ ನಿರೀಕ್ಷೆಗಳೇ ಬೇರೆಯಾಗಿದ್ದವು. ಮತಾಂತರಗೊಂಡವರ ಸಂಖ್ಯೆಯೇ ಧರ್ಮಪ್ರಚಾರಕನ ಯಶಸ್ಸಿನ ಅಳತೆಗೋಲಾಗಿದ್ದ ಕಾಲವದು. ಆ ಅಳತೆಗೆ ಕಿಟೆಲ್ ದೊಡ್ಡ ಯಶಸ್ಸು ಕಂಡವರಲ್ಲ. ತಾಳೆಗರಿಗಳ ನಡುವೆ, ದೇಶೀಯ ಪಂಡಿತರ ಸಹವಾಸದಲ್ಲಿ ಕಳೆದ ದಿನಗಳು ಅವರ ಸಹೋದ್ಯೋಗಿಗಳೆಲ್ಲರಿಗೂ ಸೇವೆಯಾಗಿ ಕಂಡಿರಲಿಲ್ಲ.

ಇದರ ನಡುವೆ ಮನೆಯ ದುಃಖ. 1860ರಲ್ಲಿ ಅವರು ವಿವಾಹವಾದ ಪೌಲೀನ್ 1864ರಲ್ಲಿ, ಎರಡು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು. ಸ್ವಂತ ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಮೂವತ್ತೆರಡರ ವಯಸ್ಸಿಗೆ, ಎಳೆಯ ಮಕ್ಕಳೊಂದಿಗೆ ಒಂಟಿಯಾದ ತಂದೆಯ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಮೂರು ವರ್ಷಗಳ ನಂತರ ಪೌಲೀನರ ತಂಗಿಯನ್ನೇ ಅವರು ಮದುವೆಯಾದರು.

ಕ್ರೈಸ್ತ ನಂಬಿಕೆಯ ಕೇಂದ್ರದಲ್ಲಿರುವುದು ಶಿಲುಬೆ. ನೋವಿನಿಂದ ಪಾರಾಗುವ ಉಪಾಯವನ್ನು ಅದು ಹೇಳಿಕೊಡುವುದಿಲ್ಲ. ನೋವೇ ಕೊನೆಯ ಮಾತಲ್ಲವೆಂದು ಮಾತ್ರ ಹೇಳುತ್ತದೆ. ಮಣ್ಣಿನಲ್ಲಿ ಕಾಣೆಯಾಗುವ ಕಾಳಿನಿಂದಲೇ ಬೆಳೆ ಹುಟ್ಟುವ ದೃಷ್ಟಾಂತವನ್ನು ಸುವಾರ್ತೆಯಲ್ಲಿ ಓದಿದವರಿಗೆ ಕಿಟೆಲ್ ಅವರ ಮುಂದಿನ ವರ್ಷಗಳು ಅರ್ಥವಾಗುತ್ತವೆ. ಕೇಶಿರಾಜನ 'ಶಬ್ದಮಣಿದರ್ಪಣ' ಅವರ ಸಂಪಾದನೆಯಲ್ಲಿ 1872ರಲ್ಲಿ ಹೊರಬಂತು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಬಂತು. ಎರಡು ವರ್ಷಗಳ ತರುವಾಯ ಅವರು ಜರ್ಮನಿಗೆ ತೆರಳಿದಾಗ, ನಿಘಂಟು ಪೂರ್ಣಗೊಳ್ಳುವುದೋ ಇಲ್ಲವೋ ಎಂದು ಯಾರೂ ಹೇಳುವಂತಿರಲಿಲ್ಲ.

1883ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಕಿಟೆಲ್ ಮತ್ತೆ ಭಾರತಕ್ಕೆ ಬಂದರು. ಮತ್ತೊಂದು ದಶಕದ ದುಡಿಮೆ. ಹಳಗನ್ನಡ ಕಾವ್ಯಗಳ ಪದಗಳ ಪಕ್ಕದಲ್ಲೇ ಒಕ್ಕಲಿಗರ, ಕುಶಲಕರ್ಮಿಗಳ, ಹೆಂಗಸರ ದಿನಬಳಕೆಯ ಮಾತುಗಳಿಗೂ ಸ್ಥಾನ ದೊರೆಯಿತು. ಜನರ ಗಾದೆಗಳು ಅರ್ಥಗಳಿಗೆ ಆಧಾರವಾಗಿ ನಿಂತವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1,700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬರುವ ಹೊತ್ತಿಗೆ ಕಿಟೆಲ್ ಕನ್ನಡ ನಾಡನ್ನು ಬಿಟ್ಟು ಎರಡು ವರ್ಷಗಳಾಗಿದ್ದವು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಕಿಟೆಲ್ ಅವರನ್ನು ದೋಷಾತೀತರೆಂದು ಚಿತ್ರಿಸುವ ಅಗತ್ಯವಿಲ್ಲ. ಅವರು ಬಂದದ್ದು ಧರ್ಮಪ್ರಚಾರಕ್ಕಾಗಿ. ವಸಾಹತು ಕಾಲದ ಮಿಷನ್ನುಗಳ ಕುರಿತು ನಮ್ಮಲ್ಲಿರುವ ಪ್ರಶ್ನೆಗಳಿಂದ ಅವರಿಗೆ ವಿನಾಯಿತಿಯೂ ಇಲ್ಲ. ಆದರೆ ಅವರ ನಂಬಿಕೆ ಅವರನ್ನು ನಮ್ಮ ಭಾಷೆಗೆ ಎದುರಾಗಿ ನಿಲ್ಲಿಸಲಿಲ್ಲ, ಅದರೊಳಕ್ಕೆ ಕರೆದೊಯ್ದಿತು. 1968–71ರಲ್ಲಿ ಎಂ. ಮರಿಯಪ್ಪ ಭಟ್ಟರು ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಧಾರವಾಡದ ಕಾಲೇಜೊಂದು ಕಿಟೆಲ್ ಹೆಸರನ್ನು ಹೊತ್ತಿದೆ. ಈ ಯಾವುದನ್ನೂ ಅವರು ನೋಡಲಿಲ್ಲ.

ಬೆಳೆ ಕೈಹತ್ತದ ವರ್ಷಗಳಲ್ಲಿ, ಮನೆಯಲ್ಲಿ ಸಾವು ಸಂಭವಿಸಿದಾಗ, ದುಡಿಮೆಗೆ ಮನ್ನಣೆ ಸಿಗದಾದಾಗ ಎಲ್ಲವೂ ಸರಿಹೋಗುತ್ತದೆ ಎಂಬ ಸಮಾಧಾನದ ಮಾತು ಹುಸಿಯೆನಿಸುತ್ತದೆ. ಕಿಟೆಲ್ ಬದುಕಿನಲ್ಲಿ ಎಲ್ಲವೂ ಸರಿಹೋಗಲಿಲ್ಲ. ಆದರೂ ಅಂದಿನ ಪದವನ್ನು ಅಂದು ಬರೆದಿಟ್ಟರು. ಅವರ ಧರ್ಮವನ್ನು ಒಪ್ಪದ ಬಯಲುಸೀಮೆಯ ರೈತನಿಗೂ ಈ ಬಗೆಯ ಭರವಸೆ ಅಪರಿಚಿತವೇನಲ್ಲ. ಮೋಡ ಕಾಣದಿದ್ದರೂ ಅವನು ಬಿತ್ತನೆಯ ಬೀಜವನ್ನು ಜೋಪಾನ ಮಾಡುತ್ತಾನೆ.